ಹೊಸ ಶಿಬಿರಕ್ಕೆ ಮೊದಲು ಹಳೆ ವಹಿ ತೆಗೆಯಿರಿ

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆ ಆಳಂದ ತಾಲೂಕಿನ ಒಂದು ಹಳ್ಳಿ. ಹೋದ ವರ್ಷ ಯುವಕ ಸಂಘದಿಂದ ಬಿಪಿ, ಶುಗರ್ ತಪಾಸಣೆ ಶಿಬಿರ ಇಟ್ಟಿದ್ದೆವು. ನೂರೈವತ್ತು ಜನ ಬಂದಿದ್ದರು. ನಲವತ್ತಕ್ಕೂ ಹೆಚ್ಚು ಜನರಿಗೆ ಜಾಸ್ತಿ ಇದೆ ಅಂತ ಚೀಟಿ ಬರೆದುಕೊಟ್ಟರು. ಮೊನ್ನೆ ಮನೆಮನೆಗೆ ಹೋಗಿ ವಿಚಾರಿಸಿದರೆ ಗುಳಿಗೆ ತಗೊಳ್ಳುತ್ತಿರುವವರು ಏಳೆಂಟು ಜನ ಅಷ್ಟೇ. ಒಬ್ಬರಿಗೆ ಲಕ್ವಾ ಹೊಡೆದಿದೆ. ಎಳ್ಳಮಾವಾಸ್ಯೆ ಮುಗಿದ ಮೇಲೆ ಮತ್ತೆ ಶಿಬಿರ ಮಾಡಬೇಕು ಅಂತಿದ್ದೇವೆ. ಈ ಸಲ ಹೇಗೆ ಮಾಡಬೇಕು? ಜನರಿಗೆ ತಿಳಿಯುವ ಹಾಗೆ ಏನು ಹೇಳಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಶಿಬಿರ ಮುಗಿದು ವರ್ಷವಾದ ಮೇಲೆ ‘ಅವರೆಲ್ಲ ಈಗ ಹೇಗಿದ್ದಾರೆ’ ಅಂತ ಮನೆಮನೆಗೆ ಹೋಗಿ ಕೇಳಿದ್ದೀರಿ. ಹೀಗೆ ಕೇಳುವವರು ತೀರಾ ಕಡಿಮೆ. ನಾವು ಡಾಕ್ಟರುಗಳೇ ಎಷ್ಟೋ ಸಲ ಕೇಳುವುದಿಲ್ಲ. ಆದ್ದರಿಂದ ನಿಮಗೆ ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ಹೊಸ ಶಿಬಿರದ ಬ್ಯಾನರ್ ಬರೆಸುವ ಮೊದಲು ಹೋದ ವರ್ಷದ ವಹಿ ಹೊರಗೆ ತೆಗೆಯಿರಿ. ಆ ನಲವತ್ತು ಹೆಸರು ನಿಮ್ಮ ಮೊದಲ ಕೆಲಸ.

ಲಕ್ವಾ ಸುದ್ದಿ ಓದಿ ನನಗೆ ಹಳೆಯ ಮುಖವೊಂದು ನೆನಪಾಯಿತು. ಡಾಕ್ಟರಾದ ಹೊಸದರಲ್ಲಿ ಚಿಂಚೋಳಿ ಕಡೆಯ ಒಂದು ಊರಿನಲ್ಲಿ ಶಿಬಿರ ಮಾಡಿದ್ದೆವು. ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಟೇಬಲ್. ತೊಗರಿ ರಾಶಿಯ ಕಾಲ. ಪಟಗ ಸುತ್ತಿದ ಒಬ್ಬ ರೈತರು ಬಂದು ಕೂತರು. ವಯಸ್ಸು ಐವತ್ತರ ಆಸುಪಾಸು. ಮೂರು ಸಲ ನೋಡಿದರೂ ಬಿಪಿಯ ಮೇಲಿನ ಅಂಕ 190ರ ಕೆಳಗೆ ಇಳಿಯಲಿಲ್ಲ. ‘ನಂಗೇನ್ ಆಗ್ಯಾದ್ರೀ ಸಾಹೇಬ್ರ, ಮುಂಜಾನಿಂದ ಚೀಲ ಹೊತ್ತು ಹಾಕೀನಿ’ ಅಂದರು. ದೊಡ್ಡ ದವಾಖಾನೆಗೆ ಹೋಗಿ ಅಂತ ಚೀಟಿ ಬರೆದುಕೊಟ್ಟೆ. ವಹಿಯ ಕೊನೆಯ ಕಾಲಮಿನಲ್ಲಿ ‘ರೆಫರ್ ಮಾಡಲಾಗಿದೆ’ ಅಂತ ಬರೆದೆ. ಆರು ತಿಂಗಳ ನಂತರ ಬೇರೆ ಕೆಲಸಕ್ಕೆ ಅದೇ ಊರಿಗೆ ಹೋದೆ. ಅವರು ಹೊರಸಿನ ಮೇಲೆ ಮಲಗಿದ್ದರು. ಬಲಗೈ ಏಳುತ್ತಿರಲಿಲ್ಲ, ಮಾತು ನಿಂತಿತ್ತು. ಅವರ ಹೆಂಡತಿ ನನ್ನ ಗುರುತು ಹಿಡಿದರು. ಒಳಗೆ ಹೋಗಿ, ಕ್ಯಾಲೆಂಡರಿನ ಮೊಳೆಗೆ ಚುಚ್ಚಿಟ್ಟಿದ್ದ ಚೀಟಿ ತಂದು ತೋರಿಸಿದರು. ‘ನೀವು ಕೊಟ್ಟಿದ್ದು ಜ್ವಾಕಿಲಿಂದ ಇಟ್ಟೀನ್ರಿ’ ಅಂದರು.

ಆ ಚೀಟಿ ಹಿಡಿದು ಯಾವ ವಾರ ಹೋಗಬೇಕು, ಅಲ್ಲಿ ಯಾರನ್ನು ಕೇಳಬೇಕು ಅನ್ನೋದನ್ನು ನಾನು ಹೇಳಿರಲಿಲ್ಲ. ಹೋದರೋ ಇಲ್ಲವೋ ಅಂತ ನೋಡುವ ಕೆಲಸ ಯಾರಿಗೂ ಒಪ್ಪಿಸಿರಲಿಲ್ಲ. ‘ಮಾಡಲಾಗಿದೆ’ ಅಂತ ಬರೆದರೆ ಮಾಡುವವರು ಯಾರು ಅನ್ನುವುದೇ ಅದರಲ್ಲಿ ಇರುವುದಿಲ್ಲ. ಅವತ್ತಿನಿಂದ ಆ ಮಾತನ್ನು ನಾನು ಯಾವ ವಹಿಯಲ್ಲೂ ಬರೆದಿಲ್ಲ. ಹೆಸರಿನ ಮುಂದೆ ಇನ್ನೊಂದು ಹೆಸರು ಬರೆಯುತ್ತೇನೆ. ಈ ಮನೆಗೆ ಹೋಗುವವರು ಇಂಥವರು, ಇಂಥ ದಿನ ಅಂತ.

ನೀವೂ ಹಾಗೆ ಮಾಡಿ. ನಲವತ್ತು ಹೆಸರನ್ನು ಸಂಘದ ಹತ್ತು ಹುಡುಗರು ಹಂಚಿಕೊಳ್ಳಲಿ. ತಲಾ ನಾಲ್ಕು ಮನೆ. ಮೊದಲು ಮೇಲಿನ ಅಂಕ 180 ಅಥವಾ ಕೆಳಗಿನದು 110 ದಾಟಿದವರ ಮನೆ. ಅವರಲ್ಲಿ ಗುಳಿಗೆ ಬಿಟ್ಟವರು ಯಾರಿದ್ದಾರೋ ಅವರನ್ನು ಈ ವಾರವೇ ಕರೆದುಕೊಂಡು ಹೋಗಿ. ‘ಹೋಗಿ ಬನ್ನಿ’ ಅನ್ನಬೇಡಿ, ಜೊತೆಗೆ ಹೋಗಿ. ಆಮೇಲೆ ಬಿಪಿ, ಶುಗರ್ ಎರಡೂ ಇರುವವರು. ಉಳಿದವರು ಅದರ ನಂತರ. ಒಂದು ಸಲ ಜಾಸ್ತಿ ಬಂದಿದ್ದು ವರ್ಷದ ಹಿಂದಿನ ಮಾತು, ಆದ್ದರಿಂದ ಎಲ್ಲರಿಗೂ ಮತ್ತೆ ನೋಡಿಸಲೇಬೇಕು. ಕೆಲವರದು ಸರಿ ಇರಬಹುದು. ಹಾಗಿದ್ದರೆ ಆ ಮನೆಯವರಿಗೆ ಎಷ್ಟು ನೆಮ್ಮದಿ, ಅಲ್ವಾ?

ಎಲ್ಲಿಗೆ ಕರೆದುಕೊಂಡು ಹೋಗಬೇಕು? ದೂರ ಬೇಡ. ನಿಮ್ಮ ಉಪಕೇಂದ್ರಕ್ಕೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅನ್ನುವ ಹೆಸರಿದೆ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ ಇರುತ್ತಾರೆ. 30 ದಾಟಿದ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಬಿಪಿ, ಶುಗರ್ ನೋಡಬೇಕು ಅನ್ನುವುದು ಸರ್ಕಾರದ ಕಾರ್ಯಕ್ರಮವೇ. 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಅದು. ಕರ್ನಾಟಕದಲ್ಲಿ ಮನೆಬಾಗಿಲಿಗೆ ಬಂದು ನೋಡುವ ‘ಗೃಹ ಆರೋಗ್ಯ’ 2024ರಲ್ಲಿ ಕೋಲಾರದಿಂದ ಶುರುವಾಯಿತು. ನಿಮ್ಮ ಆಶಾ ಅಕ್ಕನ ಹತ್ತಿರ ಮನೆಮನೆಯ ಫಾರ್ಮ್ ಇರುತ್ತದೆ. ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ನಡೆದಾಟ, ಮನೆಯಲ್ಲಿ ಯಾರಿಗಾದರೂ ಇದೆಯೇ, ಇದೆಲ್ಲ ಕೇಳಿ ಅಂಕ ಹಾಕುತ್ತಾರೆ. ನಾಲ್ಕಕ್ಕಿಂತ ಜಾಸ್ತಿ ಅಂಕ ಬಂದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಅಂದರೆ ವ್ಯವಸ್ಥೆ ಇದೆ, ಆದರೆ ಒಬ್ಬ ಆಶಾ ಅಕ್ಕನ ಮೇಲೆ ಬಾಣಂತಿ, ಲಸಿಕೆ, ಸರ್ವೆ ಎಲ್ಲ ಹೊರೆ ಇದೆ. ನಿಮ್ಮ ಸಂಘ ಬೇರೆಯೇ ಒಂದು ಶಿಬಿರ ಮಾಡಿ, ಬೇರೆ ವಹಿ ಇಟ್ಟು, ಆಮೇಲೆ ಎರಡೂ ಒಂದಕ್ಕೊಂದು ತಾಳೆಯಾಗದ ಹಾಗೆ ಮಾಡಬೇಡಿ. ಆಶಾ ಅಕ್ಕ, ಸಿಎಚ್‌ಒ, ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಡಾಕ್ಟರ್ ಮೂವರನ್ನೂ ಮೊದಲೇ ಕೂರಿಸಿಕೊಂಡು ಮಾತಾಡಿ. ನೀವು ಅಳೆದದ್ದು ಅವರ ಪೋರ್ಟಲ್ಲಿಗೆ, ಅಂದರೆ ಆನ್‌ಲೈನ್ ದಾಖಲೆಗೆ ಹತ್ತಬೇಕು. ಹತ್ತಿದರೆ ತಿಂಗಳ ಗುಳಿಗೆ ಬರುವುದು ಸುಲಭ. ಬಿಪಿಗೆ ಆಮ್ಲೊಡಿಪಿನ್, ಟೆಲ್ಮಿಸಾರ್ಟನ್, ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಇವೆಲ್ಲ ಸರ್ಕಾರಿ ದವಾಖಾನೆಯಲ್ಲಿ ಬಿಟ್ಟಿ ಸಿಗಬೇಕಾದವು. ಸ್ಟಾಕ್ ಇದೆಯೇ ಅನ್ನುವುದನ್ನು ಶಿಬಿರಕ್ಕೆ ಮೊದಲೇ ಖಾತ್ರಿ ಮಾಡಿಕೊಳ್ಳಿ. ಗುಳಿಗೆ ಇಲ್ಲದ ಊರಿನಲ್ಲಿ ರೋಗ ಹುಡುಕಿದರೆ ಜನರಿಗೆ ಚಿಂತೆ ಕೊಟ್ಟಂತೆ ಆಗುತ್ತದೆ.

ಇನ್ನು, ಜನ ಗುಳಿಗೆ ಯಾಕೆ ಬಿಟ್ಟರು? ಇದನ್ನು ಬೈಯದೆ, ಕೂತು ಕೇಳಿ. ನಾನು ಕೇಳಿಸಿಕೊಂಡ ಉತ್ತರಗಳನ್ನು ಹೇಳುತ್ತೇನೆ.

‘ಮೈಯಾಗ ಏನೂ ಆಗ್ಲಿಲ್ರಿ, ಯಾಕ ತಗೊಳ್ಳಿ?’ ಇದು ಎಲ್ಲಕ್ಕಿಂತ ಜಾಸ್ತಿ. ಜ್ವರಕ್ಕೆ ಮೈ ಸುಡುತ್ತದೆ, ಹಲ್ಲಿಗೆ ನೋವು ಬರುತ್ತದೆ. ಬಿಪಿಗೆ ಹೆಚ್ಚಿನವರಲ್ಲಿ ಏನೂ ಗೊತ್ತಾಗುವುದಿಲ್ಲ. ತಲೆನೋವು ಬಂದಾಗ ಮಾತ್ರ ಬಿಪಿ ಗುಳಿಗೆ ನುಂಗುವವರು ನಮ್ಮ ಭಾಗದಲ್ಲಿ ಬಹಳ. ತಲೆನೋವಿಗೂ ಬಿಪಿಗೂ ನಂಟು ಅಷ್ಟಕ್ಕಷ್ಟೇ. ನಾನು ಅವರಿಗೆ ತೊಗರಿ ಚೀಲದ ಮಾತು ಹೇಳುತ್ತೇನೆ. ಚೀಲಕ್ಕೆ ಹುಳ ಬಿದ್ದದ್ದು ಹೊರಗಿನಿಂದ ಕಾಣುವುದಿಲ್ಲ. ಬಾಯಿ ಬಿಚ್ಚಿದಾಗ ಕಾಳೆಲ್ಲ ತೂತು. ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

‘ಒಮ್ಮೆ ಶುರು ಮಾಡಿದ್ರ ಹತ್ಕೊಂತದಂತ್ರಿ.’ ಗುಟ್ಕಾ ಹತ್ತಿಕೊಳ್ಳುತ್ತದೆ, ಸೆರೆ ಹತ್ತಿಕೊಳ್ಳುತ್ತದೆ. ಬಿಪಿ ಗುಳಿಗೆ ಹತ್ತಿಕೊಳ್ಳುವುದಿಲ್ಲ. ದಿನಾ ಬೇಕಾಗುವುದು ರೋಗ ದಿನಾ ಇರುವುದರಿಂದ. ದಿನಾ ಊಟ ಮಾಡುತ್ತೇವೆ, ಅದನ್ನು ಚಟ ಅನ್ನುವುದಿಲ್ಲ.

‘ಗುಳಗಿಲಿಂದ ಕಿಡ್ನಿ ಹೋಗ್ತಾವಂತ.’ ಈ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇದರಲ್ಲಿ ಒಂದು ನಿಜ ತಪ್ಪು ಜಾಗಕ್ಕೆ ಹೋಗಿ ಕೂತಿದೆ. ಕಿಡ್ನಿ ಕೆಡಿಸುವುದು ಅಂಕೆಯಲ್ಲಿಲ್ಲದ ಬಿಪಿ ಮತ್ತು ಶುಗರ್. ಅದರ ಜೊತೆಗೆ ಇನ್ನೊಂದಿದೆ. ಹೊಲದಲ್ಲಿ ಕಳೆ ತೆಗೆದು ಮೊಣಕಾಲು, ಸೊಂಟ ಹಿಡಿದುಕೊಂಡ ಹೆಣ್ಣುಮಕ್ಕಳು ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾ ನುಂಗುತ್ತಾರೆ. ಡೈಕ್ಲೊಫಿನ್ಯಾಕ್ ಥರದವು. ಇವು ವರ್ಷಗಟ್ಟಲೆ ಹೋದರೆ ಕಿಡ್ನಿಗೆ ಪೆಟ್ಟು, ಬಿಪಿಯನ್ನೂ ಏರಿಸುತ್ತವೆ. ಎಷ್ಟೋ ಮನೆಗಳಲ್ಲಿ ನಾನು ನೋಡಿದ್ದೇನೆ, ಬಿಪಿ ಗುಳಿಗೆ ಕಿಡ್ನಿಗೆ ಕೆಟ್ಟದ್ದು ಅಂತ ಬಿಟ್ಟಿರುತ್ತಾರೆ, ನೋವಿನ ಗುಳಿಗೆ ಸೆರಗಿನ ಗಂಟಿನಲ್ಲಿ ಇರುತ್ತದೆ. ನಿಮ್ಮ ಹುಡುಗರು ಮನೆಗೆ ಹೋದಾಗ ‘ಬೇರೆ ಯಾವ ಗುಳಿಗಿ ತಗೊಳ್ತಿ ಅವ್ವಾ, ತೋರಿಸು’ ಅಂತ ಒಂದು ಮಾತು ಕೇಳಲಿ. ಆ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ.

ಕೆಲವರಿಗೆ ಗುಳಿಗೆ ನಿಜಕ್ಕೂ ತೊಂದರೆ ಕೊಟ್ಟಿರುತ್ತದೆ. ಆಮ್ಲೊಡಿಪಿನ್ ತಗೊಂಡವರಲ್ಲಿ ಕೆಲವರಿಗೆ ಕಾಲು ಬಾವು ಬರುತ್ತದೆ. ಮೆಟ್‌ಫಾರ್ಮಿನ್ ಹೊಟ್ಟೆ ಕೆಡಿಸಬಹುದು, ಅದನ್ನು ಊಟದ ಜೊತೆಗೋ ಊಟ ಆದ ಮೇಲೋ ತಗೊಂಡರೆ ತೊಂದರೆ ಕಡಿಮೆ. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಅವರು ಸುಮ್ನೆ ಬಿಟ್ಟುಬಿಡುತ್ತಾರೆ. ‘ತೊಂದರೆ ಆದರೆ ಬಿಡಬೇಡಿ, ಬಂದು ಹೇಳಿ, ಬದಲಿಸುತ್ತಾರೆ’ ಅನ್ನುವ ಮಾತು ಗುಳಿಗೆ ಕೊಡುವ ದಿನವೇ ಹೇಳಬೇಕಾದದ್ದು. ಬೇಸಿಗೆಯದೂ ಒಂದು ಕಾರಣ. ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಬಿಪಿ ಸ್ವಲ್ಪ ಇಳಿಯುತ್ತದೆ. ಕೆಲವರಿಗೆ ತಲೆ ತಿರುಗುತ್ತದೆ, ‘ಬಿಪಿ ಹೋಯ್ತು’ ಅಂತ ಗುಳಿಗೆ ನಿಲ್ಲಿಸುತ್ತಾರೆ. ತಾವೇ ನಿಲ್ಲಿಸುವ ಬದಲು ಅಳೆಸಿ, ಡಾಕ್ಟರನ್ನು ಕೇಳಿ ಡೋಸ್ ಬದಲಿಸಿಕೊಳ್ಳಬೇಕು. ಚಳಿಗಾಲಕ್ಕೆ ಮತ್ತೆ ಏರುತ್ತದೆ.

ಈಗ ಶಿಬಿರದ ವಿಷಯ. ಮಾಡಿ, ಖಂಡಿತ ಮಾಡಿ. ಹೋದ ವರ್ಷ ಬಾರದವರೇ ಇನ್ನೂ ಬಹಳ ಜನ ಇರುತ್ತಾರೆ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೊಡ್ಡ ಅಧ್ಯಯನ ನಮ್ಮ ದೇಶದ 20 ದಾಟಿದವರಲ್ಲಿ ನೂರಕ್ಕೆ 11 ಮಂದಿಗೆ ಸಕ್ಕರೆ ಕಾಯಿಲೆ, 35 ಮಂದಿಗೆ ಬಿಪಿ ಇದೆ ಅಂತ ಹೇಳಿತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇರುವವರು ಇನ್ನೂ 15 ಮಂದಿ. ಇದು ಪಟ್ಟಣದ ಸಾಹುಕಾರರ ರೋಗ ಅನ್ನುವ ಕಾಲ ಹೋಯಿತು.

ಹೊತ್ತು ಸರಿಯಾಗಿ ಆರಿಸಿ. ಹತ್ತು ಗಂಟೆಗೆ ಶಿಬಿರ ಶುರು ಮಾಡಿದರೆ ಬರುವವರು ವಯಸ್ಸಾದವರು ಮತ್ತು ಮನೆಯಲ್ಲಿರುವ ಹೆಣ್ಣುಮಕ್ಕಳು. ಮೂವತ್ತು, ನಲವತ್ತರ ಗಂಡಸರು ಆಗಲೇ ಹೊಲದಲ್ಲಿ ಇರುತ್ತಾರೆ. ನಿಮ್ಮ ಹೋದ ವರ್ಷದ ವಹಿಯಲ್ಲಿ ಆ ವಯಸ್ಸಿನ ಗಂಡಸರ ಹೆಸರು ಎಷ್ಟಿವೆ ಎಣಿಸಿ ನೋಡಿ. ಬೆಳಿಗ್ಗೆ ಆರಕ್ಕೆ ಶುರು ಮಾಡಿ. ಹೊಲಕ್ಕೆ ಹೋಗುವ ದಾರಿಯಲ್ಲಿ ಟೇಬಲ್ ಹಾಕಿ. ಹಿಂದಿನ ರಾತ್ರಿ ಊಟದ ಮೇಲೆ ಏನೂ ತಿನ್ನದೆ, ಚಹಾನೂ ಕುಡಿಯದೆ ಬನ್ನಿ ಅಂತ ಡಂಗುರ ಸಾರಿಸಿದರೆ ಖಾಲಿ ಹೊಟ್ಟೆಯ ಶುಗರ್ ಸಿಗುತ್ತದೆ. ಅದು ಊಟದ ನಂತರದ ಅಂಕಕ್ಕಿಂತ ನಂಬಿಕೆಯದ್ದು. ಈಗಾಗಲೇ ಶುಗರ್ ಗುಳಿಗೆ ತಗೊಳ್ಳುವವರು ಊಟ ಮಾಡಿಯೇ ಗುಳಿಗೆ ತಗೊಳ್ಳಲಿ, ಖಾಲಿ ಹೊಟ್ಟೆಯಲ್ಲಿ ನುಂಗಿ ಸಾಲಿನಲ್ಲಿ ನಿಲ್ಲಬಾರದು. ಉದ್ಯೋಗ ಖಾತ್ರಿ ಕೆಲಸ ನಡೆಯುವ ಜಾಗ, ಸ್ತ್ರೀಶಕ್ತಿ ಸಂಘದ ವಾರದ ಸಭೆ, ಶುಕ್ರವಾರದ ನಮಾಜ್ ಮುಗಿದ ಹೊತ್ತು, ಭಜನೆಯ ರಾತ್ರಿ, ಇವೂ ಒಳ್ಳೆಯ ಜಾಗಗಳೇ. ತಾಂಡಾ ಇದ್ದರೆ ತಾಂಡಾಕ್ಕೇ ಹೋಗಿ, ಲಂಬಾಣಿ ಮಾತಾಡುವ ಒಬ್ಬರನ್ನು ಕರೆದುಕೊಂಡು. ಆಳಂದ ಗಡಿಯಲ್ಲಿ ಮರಾಠಿ ಮನೆಮಾತಿನವರೂ ಇದ್ದಾರೆ, ಉರ್ದು ಮಾತಾಡುವವರೂ ಇದ್ದಾರೆ. ರೋಗದ ಮಾತು ಮನೆಮಾತಿನಲ್ಲಿ ಕೇಳಿದರೇನೇ ಎದೆಗಿಳಿಯುವುದು.

ಬಿಪಿ ಅಳೆಯುವುದು ಸುಲಭ ಅಂತ ಕಾಣುತ್ತದೆ. ಶಿಬಿರಗಳಲ್ಲಿ ಹೆಚ್ಚು ಕೆಡುವುದು ಇದೇ. ಒಬ್ಬ ಅಜ್ಜಿ ಬಿಸಿಲಲ್ಲಿ ನಡೆದು ಬರುತ್ತಾರೆ. ಸಾಲಿನಲ್ಲಿ ನಿಂತಿರುತ್ತಾರೆ. ಸ್ಟೂಲಿನ ಮೇಲೆ ಕೂರಿಸಿ, ಕುಪ್ಪಸದ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ‘ಎಷ್ಟು ಮಕ್ಕಳವ್ವಾ’ ಅಂತ ಮಾತಾಡಿಸುತ್ತ ಗಾಳಿ ತುಂಬುತ್ತಾರೆ. ಬರುವ ಅಂಕ ಅವರದಲ್ಲ. ಬೆನ್ನಿಗೆ ಆಸರೆ ಇರುವ ಕುರ್ಚಿ ಬೇಕು. ಎರಡೂ ಪಾದ ನೆಲಕ್ಕೆ, ಕಾಲಿನ ಮೇಲೆ ಕಾಲು ಬೇಡ. ಕೈ ಟೇಬಲ್ಲಿನ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ. ಪಟ್ಟಿ ಬರಿ ತೋಳಿನ ಮೇಲೆ. ಅದಕ್ಕಾಗಿ ಹೆಣ್ಣುಮಕ್ಕಳಿಗೆ ಒಂದು ಮರೆ ಕಟ್ಟಿ, ಅಲ್ಲಿ ಸಿಸ್ಟರ್ ಕೂರಲಿ. ಮೂತ್ರಕ್ಕೆ ಹೋಗಿ ಬಂದು, ಐದು ನಿಮಿಷ ಸುಮ್ಮನೆ ಕೂತ ಮೇಲೆ ಅಳೆಯಬೇಕು. ಹಿಂದಿನ ಅರ್ಧ ಗಂಟೆಯಲ್ಲಿ ಚಹಾ, ಬೀಡಿ, ತಂಬಾಕು ಆಗಿರಬಾರದು. ಅಳೆಯುವಾಗ ಇಬ್ಬರೂ ಮಾತಾಡಬಾರದು. ದಪ್ಪ ತೋಳಿಗೆ ದೊಡ್ಡ ಪಟ್ಟಿ ಬೇಕು. ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಇದೆ ಅಂತ ತೋರಿಸುತ್ತದೆ. ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆದು, ಎರಡನ್ನೂ ಬರೆಯಿರಿ. ನನ್ನನ್ನು ಕೇಳಿದರೆ ಟೇಬಲ್ಲಿಗೆ ಮೊದಲು ಹತ್ತು ಕುರ್ಚಿ ಸಾಲಾಗಿ ಹಾಕಿ. ಒಬ್ಬೊಬ್ಬರೇ ಮುಂದಿನ ಕುರ್ಚಿಗೆ ಸರಿಯುವಷ್ಟರಲ್ಲಿ ಐದು ನಿಮಿಷದ ವಿಶ್ರಾಂತಿ ತಾನಾಗಿ ಆಗಿರುತ್ತದೆ. ಆ ಕುರ್ಚಿಗಳ ಎದುರಿಗೇ ಉಪ್ಪಿನ ತಟ್ಟೆ ಇಡಿ. ಅದರ ಮಾತು ಮುಂದೆ ಹೇಳುತ್ತೇನೆ.

140/90 ಮುಟ್ಟಿದರೆ ಅಥವಾ ದಾಟಿದರೆ ಇನ್ನೊಂದು ದಿನ ಮತ್ತೆ ಅಳೆಯಬೇಕು. ಆಗಲೂ ಅಷ್ಟೇ ಬಂದರೆ ಬಿಪಿ ಅಂತ ಹೆಸರಿಡುವುದು. 180/110 ದಾಟಿದರೆ ಕಾಯಬೇಡಿ, ಅವತ್ತೇ ಡಾಕ್ಟರ್ ನೋಡಬೇಕು. ಅದರ ಜೊತೆ ಎದೆನೋವು, ಉಬ್ಬಸ, ಕಣ್ಣು ಮಂಜು, ಮಾತು ತೊದಲು ಇದ್ದರೆ 108ಕ್ಕೆ ಫೋನ್ ಮಾಡಿ.

ಶುಗರ್ ನೋಡುವಾಗ ಕೈ ತೊಳೆಸಿ, ಒರೆಸಿ. ಬೆಲ್ಲ ಮುಟ್ಟಿದ ಬೆರಳು, ಬಾಳೆಹಣ್ಣು ಸುಲಿದ ಬೆರಳು ಸುಳ್ಳು ಹೇಳುತ್ತದೆ. ಸ್ಪಿರಿಟ್ ಹಚ್ಚಿದರೆ ಪೂರ್ತಿ ಆರಲಿ. ಬೆರಳಿನ ತುದಿಗಿಂತ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಸೂಜಿ ಒಬ್ಬರಿಗೆ ಒಂದೇ, ಒಮ್ಮೆ ಚುಚ್ಚಿದ್ದು ಡಬ್ಬಿಗೆ. ಇದರಲ್ಲಿ ಯಾವ ರಾಜಿಯೂ ಇಲ್ಲ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತಕ್ಷಣ ಹಾಕಬೇಕು, ಬಿಸಿಲಲ್ಲಿ, ಜೀಪಿನಲ್ಲಿ ಇಡಬಾರದು. ಹೆಚ್ಚಿನ ಸ್ಟ್ರಿಪ್‌ಗಳು 30 ಡಿಗ್ರಿ ದಾಟಿದರೆ ಕೆಡುತ್ತವೆ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಶಿಬಿರ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಬೆರಳು ಚುಚ್ಚಿ ನೋಡಿದ್ದು ಸುಳಿವು ಮಾತ್ರ, ತೀರ್ಪಲ್ಲ. ಯಾವ ಹೊತ್ತಿನಲ್ಲಿ ನೋಡಿದರೂ 140 ದಾಟಿದವರನ್ನು ಪಿಎಚ್‌ಸಿಗೆ ಕಳಿಸಬೇಕು. ಅಲ್ಲಿ ನರದಿಂದ ರಕ್ತ ತೆಗೆದು ನೋಡಿದಾಗ ಖಾಲಿ ಹೊಟ್ಟೆಯಲ್ಲಿ 126 ಅಥವಾ ಜಾಸ್ತಿ ಬಂದರೆ, ಮತ್ತೊಮ್ಮೆ ಖಾತ್ರಿ ಮಾಡಿಕೊಂಡು ಸಕ್ಕರೆ ಕಾಯಿಲೆ ಅನ್ನುತ್ತಾರೆ. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯಲ್ಲಿ 6.5 ಗೆರೆ. ಆದರೆ ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ. ಕಬ್ಬಿಣದ ಕೊರತೆ ಇದ್ದರೆ ಆ ಪರೀಕ್ಷೆ ಕೆಲವೊಮ್ಮೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಹಾಗಾಗಿ ಅದೊಂದನ್ನೇ ಹಿಡಿದು ಕೂರಬಾರದು. ಶುಗರ್ 300 ದಾಟಿ ವಾಂತಿ, ವಿಪರೀತ ಸುಸ್ತು ಇದ್ದರೆ ಅವತ್ತೇ ದವಾಖಾನೆ.

ಇನ್ನೊಂದು ಕೋರಿಕೆ. ಅಂಕಗಳನ್ನು ಮೈಕಿನಲ್ಲಿ ಕೂಗಬೇಡಿ, ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಮದುವೆ ಗೊತ್ತಾಗಬೇಕಾದ ಹುಡುಗಿಗೆ ಶುಗರ್ ಇದೆ ಅಂತ ಊರಿಗೆಲ್ಲ ಗೊತ್ತಾದರೆ, ಮುಂದೆ ಆ ಓಣಿಯ ಯಾವ ಹುಡುಗಿಯೂ ನಿಮ್ಮ ಟೇಬಲ್ಲಿಗೆ ಬರುವುದಿಲ್ಲ.

ಜನರಿಗೆ ಏನು ಹೇಳಬೇಕು ಅಂತ ಕೇಳಿದಿರಿ. ‘ಉಪ್ಪು ಬಿಡಿ, ಸಕ್ಕರೆ ಬಿಡಿ, ಎಣ್ಣೆ ಬಿಡಿ’ ಅನ್ನುವ ಭಾಷಣ ಬೇಡ. ಕೇಳಿದವರು ಹೂಂ ಅಂದು ಮನೆಗೆ ಹೋಗಿ ಉಪ್ಪಿನಕಾಯಿ ಹಾಕಿಕೊಳ್ಳುತ್ತಾರೆ. ಲೆಕ್ಕ ಮಾಡಿ ತೋರಿಸಿ.

ಒಂದು ತಟ್ಟೆಯಲ್ಲಿ ಒಂದು ಚಹಾ ಚಮಚ ಉಪ್ಪು ಹಾಕಿ ಇಡಿ. ಅದು ಸುಮಾರು 5 ಗ್ರಾಂ. ಒಬ್ಬರಿಗೆ ಇಡೀ ದಿನಕ್ಕೆ ಅದಕ್ಕಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆಯಲ್ಲಿ ಐದು ಜನ ಇದ್ದರೆ ದಿನಕ್ಕೆ 25 ಗ್ರಾಂ, ತಿಂಗಳಿಗೆ 750 ಗ್ರಾಂ. ಮುಕ್ಕಾಲು ಕಿಲೋ. ಈಗ ಸಂಘದ ಅಕ್ಕಂದಿರನ್ನು ಕೇಳಿ, ತಿಂಗಳಿಗೆ ಒಂದು ಕಿಲೋದ ಉಪ್ಪಿನ ಪಾಕೀಟು ಎಷ್ಟು ತರುತ್ತೀರಿ? ಒಬ್ಬರು ಎರಡು ಅನ್ನುತ್ತಾರೆ. ಇನ್ನೊಬ್ಬರು ಬೆರಳು ಮಡಚಿ ಎಣಿಸುತ್ತಾರೆ. ಆಮೇಲೆ ತಾವೇ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ವರ್ಷದ ಉಪ್ಪಿನಕಾಯಿ ಭರಣಿ, ಹಪ್ಪಳ, ಸಂಡಿಗೆ, ಅಂಗಡಿಯ ಮಿರ್ಚಿ ಭಜಿ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ. ಮುಂದಿನ ತಿಂಗಳು ಅದೇ ಪ್ರಶ್ನೆ ಮತ್ತೆ ಕೇಳಿ. ನಾನು ಕಂಡ ಮಟ್ಟಿಗೆ ಇಷ್ಟು ಚೆನ್ನಾಗಿ ಮನಸ್ಸಿಗೆ ಹತ್ತುವ ಪಾಠ ಬೇರೆ ಇಲ್ಲ. ಕಲ್ಲುಪ್ಪು, ಸೈಂಧವ ಉಪ್ಪು ತಿಂದರೆ ಬಿಪಿ ಬರಲ್ಲ ಅನ್ನುವವರು ಇರುತ್ತಾರೆ. ಅದೂ ಉಪ್ಪೇ, ಲೆಕ್ಕ ಅದೇ. ಊಟದ ತಟ್ಟೆಯ ಅಂಚಿಗೆ ಉಪ್ಪು ಹಾಕಿಕೊಳ್ಳುವುದನ್ನು ನಿಲ್ಲಿಸುವುದು ಮೊದಲ ಹೆಜ್ಜೆ.

ಚಹಾದ ಲೆಕ್ಕವೂ ಹೀಗೇ. ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದರೆ ಸುಮಾರು 10 ಗ್ರಾಂ. ದಿನಕ್ಕೆ ಐದು ಕಪ್ಪು ಕುಡಿದರೆ ತಿಂಗಳಿಗೆ ಒಂದೂವರೆ ಕಿಲೋ, ಅದೂ ಒಬ್ಬರಿಗೇ. ಬೆಲ್ಲದ ಚಹಾಕ್ಕೆ ಬದಲಿಸಿದರೆ ಶುಗರ್ ಇಳಿಯುವುದಿಲ್ಲ.

ರೊಟ್ಟಿಯ ಬಗ್ಗೆ ನನಗೆ ಅಭಿಮಾನ ಇದೆ, ಆದರೂ ನಿಜ ಹೇಳಬೇಕು. ‘ನಾವು ಜೋಳದ ರೊಟ್ಟಿ ಉಣ್ಣೋರು, ನಮಗ್ಯಾಕ ಶುಗರ್’ ಅನ್ನುವ ಮಾತು ಊರೂರಲ್ಲಿ ಕೇಳಿದ್ದೇನೆ. ಜೋಳದಲ್ಲಿ ನಾರು ಇದೆ, ಪಾಲಿಶ್ ಮಾಡಿದ ಅಕ್ಕಿಗಿಂತ ಒಳ್ಳೆಯದು. ಆದರೆ ಜೋಳದಲ್ಲೂ ಹೆಚ್ಚಿನ ಪಾಲು ಹಿಟ್ಟೇ, ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆಯಾಗುತ್ತದೆ. ಎಷ್ಟು ರೊಟ್ಟಿ ಅನ್ನುವುದು ಮುಖ್ಯ. ಇವತ್ತಿನ ತಟ್ಟೆಯಲ್ಲಿ ರೊಟ್ಟಿ ಕಡಿಮೆಯಾಗಿ ಅನ್ನ ಏರಿದೆ, ಹೊಲದ ಕೆಲಸಕ್ಕೆ ಟ್ರ್ಯಾಕ್ಟರ್ ಬಂದಿದೆ. ಊಟದ ಅಳತೆ ಮಾತ್ರ ಹಳೆಯದೇ. ಒಂದು ರೊಟ್ಟಿ ಕಡಿಮೆ ಮಾಡಿ, ಆ ಜಾಗಕ್ಕೆ ಪುಂಡಿ ಪಲ್ಯ, ಮೆಂತ್ಯ, ಗಟ್ಟಿ ಬೇಳೆ ಬರಲಿ. ತೊಗರಿ ಬೆಳೆಯುವ ನಾಡಿನಲ್ಲಿ ತಟ್ಟೆಗೆ ತಿಳಿಸಾರು ಬೀಳುವುದು ನೋಡಿದರೆ ನನಗೆ ಬೇಜಾರಾಗುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ತಿನ್ನುವ ಭಜ್ಜಿಯನ್ನೇ ನೋಡಿ, ಎಷ್ಟು ಕಾಳು, ಎಷ್ಟು ಸೊಪ್ಪು! ಅದನ್ನು ವರ್ಷಕ್ಕೊಂದು ದಿನಕ್ಕೆ ಯಾಕೆ ಇಟ್ಟುಕೊಂಡೆವೋ. ಹಬ್ಬದ ಹೋಳಿಗೆ ಮುಟ್ಟಬೇಡಿ ಅಂತ ಹೇಳಬೇಡಿ. ಒಂದು ತಿನ್ನಲಿ, ಅವತ್ತು ಅನ್ನ ಬಿಡಲಿ.

ಉಪವಾಸ ಮಾಡುವವರಿಗೆ ಬೇರೆ ಮಾತು ಬೇಕು. ಶುಗರ್ ಗುಳಿಗೆ ಅಥವಾ ಇನ್ಸುಲಿನ್ ತಗೊಳ್ಳುವವರು ರಂಜಾನ್ ರೋಜಾ ಹಿಡಿಯಬೇಕು ಅಂದರೆ ಒಂದೆರಡು ತಿಂಗಳು ಮೊದಲೇ ಡಾಕ್ಟರ ಹತ್ತಿರ ಹೋಗಿ ಹೊತ್ತು, ಡೋಸ್ ಬದಲಿಸಿಕೊಳ್ಳಬೇಕು. ಶ್ರಾವಣದ ಉಪವಾಸಕ್ಕೂ ಇದೇ ಮಾತು. ಬೆವರು, ನಡುಕ, ತಲೆ ಸುತ್ತು ಬಂದು ಶುಗರ್ 70ರ ಕೆಳಗೆ ಇಳಿದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ದವಾಖಾನೆಗೆ ಓಡಿ.

ಶುಗರ್ ಇರುವವರ ಕಾಲು ನೋಡುವುದನ್ನು ಮರೆಯಬೇಡಿ. ಇದಕ್ಕೆ ಯಂತ್ರ ಬೇಡ. ಅವರು ಕಣ್ಣು ಮುಚ್ಚಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿನಿಂದ ಹಗುರವಾಗಿ ಒಂದೆರಡು ಸೆಕೆಂಡ್ ಮುಟ್ಟಿ. ಒತ್ತಬೇಡಿ, ತಿಕ್ಕಬೇಡಿ. ಮುಟ್ಟಿದ್ದು ಗೊತ್ತಾದಾಗ ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಆ ಕಾಲಿಗೆ ಅಪಾಯ ಇದೆ. ಮುಳ್ಳು ಚುಚ್ಚಿದ್ದು, ಕಾದ ಶಹಾಬಾದಿ ಹಾಸುಗಲ್ಲು ಸುಟ್ಟಿದ್ದು ಅವರಿಗೆ ತಿಳಿಯುವುದಿಲ್ಲ. ಹುಣ್ಣಾಗಿ ವಾಸನೆ ಬಂದ ಮೇಲೆ ಮನೆಯವರು ನೋಡುತ್ತಾರೆ. ಅಂಥವರು ಬರಿಗಾಲಲ್ಲಿ ಹೊಲಕ್ಕಾಗಲಿ ಜಾತ್ರೆಗಾಗಲಿ ಹೋಗಬಾರದು. ರಾತ್ರಿ ಮಲಗುವ ಮುಂಚೆ ಸೊಸೆಯೋ ಮೊಮ್ಮಗನೋ ಪಾದ ನೋಡುವ ರೂಢಿ ಮಾಡಿಸಿ. ವರ್ಷಕ್ಕೊಮ್ಮೆ ಕಣ್ಣಿನ ಪರದೆಯ ಪರೀಕ್ಷೆಯೂ ಬೇಕು. ಎರಡು ವಾರ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆಯವರಿಗೆ ಟಿಬಿ ಹತ್ತುವ ಸಂಭವ ಎರಡು ಮೂರು ಪಟ್ಟು.

ಲಕ್ವಾದ ಗುರುತು ಊರಿನ ಪ್ರತಿ ಮನೆಗೂ ಗೊತ್ತಿರಬೇಕು. ಬಾಯಿ ಒಂದು ಕಡೆ ಸೊಟ್ಟ, ಒಂದು ಕೈ ಎತ್ತಲಾಗದು, ಮಾತು ತೊದಲು. ಮೂರರಲ್ಲಿ ಒಂದು ಕಂಡರೂ 108. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ನಾಲ್ಕೂವರೆ ಗಂಟೆಯಷ್ಟೇ ಸಮಯ ಇರುತ್ತದೆ, ಅದಕ್ಕೂ ಮೊದಲು ತಲೆ ಸ್ಕ್ಯಾನ್ ಆಗಬೇಕು. ಆಳಂದದಿಂದ ಕಲಬುರಗಿಗೆ ನಲವತ್ತು ಕಿಲೋಮೀಟರಿನ ದಾರಿ, ನಿಮ್ಮ ಹಳ್ಳಿಯಿಂದ ಇನ್ನೂ ಸ್ವಲ್ಪ ಜಾಸ್ತಿ. ಎಣ್ಣೆ ತಿಕ್ಕಿಸಲು ಬೇರೆ ಊರಿಗೆ ಹೋಗಿ ಬಂದರೆ ಆ ಹೊತ್ತು ಮುಗಿದಿರುತ್ತದೆ. ಗುಳಿಗೆಯ ಬೆಲೆ ತಿಳಿಸಲು ಈ ಮಾತನ್ನೂ ಹೇಳಿ. ಬಿಪಿಯ ಮೇಲಿನ ಅಂಕ ಹತ್ತು ಇಳಿದರೆ ಲಕ್ವಾ ಹೊಡೆಯುವ ಸಂಭವ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ಗುಳಿಗೆ ಬಿಡದೆ ತಗೊಂಡರೆ ಹತ್ತು ಇಳಿಸುವುದು ಕಷ್ಟವೇನಲ್ಲ. ಈಗಾಗಲೇ ಲಕ್ವಾ ಹೊಡೆದಿರುವ ನಿಮ್ಮೂರಿನವರನ್ನೂ ಬಿಡಬೇಡಿ. ಅವರಿಗೆ ಮತ್ತೊಮ್ಮೆ ಹೊಡೆಯುವ ಭಯ ಉಳಿದವರಿಗಿಂತ ಹೆಚ್ಚು. ಬಿಪಿ ಗುಳಿಗೆ ಎಲ್ಲರಿಗಿಂತ ಜಾಸ್ತಿ ಬೇಕಾಗಿರುವುದು ಅವರಿಗೇ.

ಕೊನೆಗೆ ಗುಳೆ ಹೋಗುವವರ ಮಾತು. ರಾಶಿ ಮುಗಿದ ಮೇಲೆ ನಿಮ್ಮ ಕಡೆಯವರು ಪುಣೆ, ಮುಂಬೈ, ಬೆಂಗಳೂರು, ಹೈದರಾಬಾದ್ ಅಂತ ಹೊರಡುತ್ತಾರೆ. ಎಳ್ಳಮಾವಾಸ್ಯೆಗೆ ಊರಲ್ಲಿ ಇದ್ದವರು ಯುಗಾದಿಗೆ ಇರುವುದಿಲ್ಲ. ನಿಮ್ಮ ನಲವತ್ತು ಜನರಲ್ಲಿ ಗುಳಿಗೆ ಬಿಟ್ಟ ಎಷ್ಟೋ ಮಂದಿ ಇವರೇ ಇರಬಹುದು. ಆದ್ದರಿಂದ ವಹಿಯಲ್ಲಿ ಎರಡು ಕಾಲಮು ಹೆಚ್ಚಿಗೆ ಹಾಕಿ. ಗುಳೆ ಹೋಗುತ್ತಾರೆಯೇ, ಯಾವ ತಿಂಗಳು. ಅವರ ಫೋನ್ ನಂಬರ್ ಜೊತೆಗೆ ಊರಲ್ಲೇ ಉಳಿಯುವ ಅವ್ವನದೋ ಅಣ್ಣನದೋ ನಂಬರ್ ಬರೆಯಿರಿ. ಹೊರಡುವ ಮೊದಲು ಎರಡು ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡಿ ಅಂತ ಪಿಎಚ್‌ಸಿ ಡಾಕ್ಟರನ್ನು ನೀವೇ ಹೋಗಿ ಕೇಳಿ. ಗುಳಿಗೆಯ ಹೆಸರು, ಡೋಸ್, ಕೊನೆಯ ಬಿಪಿ ಬರೆದ ಕಾರ್ಡಿನ ಫೋಟೋ ಅವರ ಮೊಬೈಲಿನಲ್ಲಿ ಇರಲಿ. ಅಲ್ಲಿನ ಯಾವ ಸರ್ಕಾರಿ ದವಾಖಾನೆಯಲ್ಲಿ ತೋರಿಸಿದರೂ ಅದೇ ಗುಳಿಗೆ ಮುಂದುವರಿಸಬಹುದು. ಗುಳಿಗೆ ಮುಗಿಯುವ ವಾರ ನಿಮ್ಮ ಹುಡುಗರಲ್ಲಿ ಒಬ್ಬರು ಫೋನ್ ಮಾಡಿ, ‘ಕಾಕಾ, ಗುಳಗಿ ಅವನೋ ಮುಗದಾವೋ?’ ಅಂತ ಕೇಳಲಿ.

ಹೋದ ವರ್ಷದ ವಹಿಯಿಂದ ಶುರು ಮಾಡಿ, ಒಂದು ತಿಂಗಳ ಮೇಲೆ ನಲವತ್ತರಲ್ಲಿ ಎಷ್ಟು ಜನ ಗುಳಿಗೆಗೆ ಮರಳಿದರು ಅಂತ ಬರೆದು ತಿಳಿಸಿ. ಮರಳದವರು ಏನಂದರು ಅನ್ನುವುದನ್ನು ಅವರ ಮಾತಿನಲ್ಲೇ ಬರೆಯಿರಿ. ಹೊಸ ಶಿಬಿರದ ದಿನ ಅದನ್ನು ನೋಡಿಕೊಂಡು ಗೊತ್ತು ಮಾಡೋಣ.